ರಿಪ್‌ಗ್ರೆಪ್ ರಿವ್ಯೂ: ಹುಡುಕೋದಕ್ಕಿಂತ ಅದು ಮಾತಾಡೋ ರೀತಿ ಇಷ್ಟ ಆಯ್ತು

ಮೊದಲೇ ಹೇಳಿಬಿಡ್ತೀನಿ, ಇದು ಫೈಲುಗಳೊಳಗೆ ಪದ ಹುಡುಕಿಕೊಡೋ, ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಬಳಸೋ ಟೂಲಿನ ರಿವ್ಯೂ. ಬಟನ್ ಇಲ್ಲ, ಮೆನು ಇಲ್ಲ, ಕರಿ ಪರದೆ ಮೇಲೆ ಕರ್ಸರ್ ಮಿಣಮಿಣ ಅಂತಿರುತ್ತೆ ಅಷ್ಟೇ. ಕಮ್ಯಾಂಡುಗಳನ್ನೂ ಕನ್ನಡದಲ್ಲೇ ಬರ್ದಿದೀನಿ, ಟೈಪ್ ಮಾಡುವಾಗ ನೀವೇ ಇಂಗ್ಲಿಷ್ ಅಕ್ಷರ ಹಾಕ್ಕೊಳ್ಳಿ, ಫೋನಲ್ಲಿ ಪದಪದಕ್ಕೂ ಕೀಬೋರ್ಡ್ ಬದಲಾಯಿಸ್ತಾ ಕೂರೋ ತಾಳ್ಮೆ ನನಗಿಲ್ಲ.

ಹಗಲು ಆಫೀಸ್ ಕೆಲಸ, ರಾತ್ರಿ ಊಟ ಆದ್ಮೇಲೆ ಒಂದು ಸಣ್ಣ ಪ್ರಕಾಶನದವರ ಹಳೇ ಪುಸ್ತಕಗಳನ್ನ ಇ-ಬುಕ್ ಮಾಡಿಕೊಡೋ ಕೆಲಸ ಮಾಡ್ತೀನಿ. ಅಧ್ಯಾಯಕ್ಕೊಂದು ಟೆಕ್ಸ್ಟ್ ಫೈಲು, ಪುಸ್ತಕಕ್ಕೊಂದು ಫೋಲ್ಡರು, ಒಟ್ಟು ಸಾವಿರಾರು ಫೈಲು. ಒಂದು ಪುಸ್ತಕದಲ್ಲಿ ಒಂದೇ ಹೆಸರನ್ನ ಮೂರು ಥರ ಬರ್ದಿರ್ತಾರೆ, ಎಲ್ಲೆಲ್ಲಿ ಯಾವ್ಯಾವ ಥರ ಇದೆ ಅಂತ ಹುಡುಕಬೇಕು, ಅದೇ ದಿನಾ ಕೆಲಸ. ಮೊದಲು ಗ್ರೆಪ್ ಬಳಸ್ತಿದ್ದೆ. ಗ್ರೆಪ್ ಅಂದ್ರೆ ಯೂನಿಕ್ಸ್ ಕಾಲದ ಹಿರಿಯಜ್ಜ, 1973ರ ಸುಮಾರಿಗೆ ಕೆನ್ ಥಾಂಪ್ಸನ್ ಬರ್ದಿದ್ದು, ಆಗಿನ ಇಡಿ ಅನ್ನೋ ಎಡಿಟರ್‌ನಲ್ಲಿ ಸಾಲು ಹುಡುಕಿ ಪ್ರಿಂಟ್ ಮಾಡೋಕೆ ಹೊಡೀತಿದ್ದ ಜಿ, ಆರ್‌ಇ, ಪಿ ಅನ್ನೋ ಕಮ್ಯಾಂಡೇ ಹೆಸರಾಗಿಬಿಡ್ತು. ಅಜ್ಜನ ಮೇಲೆ ಗೌರವ ಇದೆ, ಆದ್ರೆ ಅಜ್ಜ ಮಾತು ಕಮ್ಮಿ. ಬರೀ ಗ್ರೆಪ್ ಅಂತ ಹೇಳಿ ಪದ ಕೊಟ್ಟು, ಫೈಲ್ ಹೆಸರು ಕೊಡೋದು ಮರ್ತು ಎಂಟರ್ ಹೊಡೀರಿ, ಸುಮ್ನೆ ಕೂತುಬಿಡುತ್ತೆ. ಅದು ನೀವು ಕೀಬೋರ್ಡಲ್ಲಿ ಇನ್ನೇನೋ ಟೈಪ್ ಮಾಡ್ತೀರ ಅಂತ ಕಾಯ್ತಿದೆ, ನೀವು ಅದು ಹುಡುಕ್ತಿದೆ ಅಂತ ಕಾಯ್ತಿದೀರ, ಇಬ್ಬರೂ ಮುಖ ಮುಖ ನೋಡ್ಕೊಂಡು. ನಾನು ಮೊದಲ ಸಲ ಎದ್ದು ಹೋಗಿ ಕಾಫಿ ಮಾಡ್ಕೊಂಡು ಬಂದಿದ್ದೆ.

ರಿಪ್‌ಗ್ರೆಪ್‌ನ ಆಂಡ್ರ್ಯೂ ಗ್ಯಾಲಂಟ್ ಅನ್ನೋರು ರಸ್ಟ್ ಭಾಷೇಲಿ ಬರ್ದಿದ್ದು, 2016ರಲ್ಲಿ ಬಂತು, ಪೂರ್ತಿ ಫ್ರೀ, ಸೋರ್ಸ್ ಓಪನ್. ನೀವು ಕೋಡ್ ಬರೆಯೋಕೆ ವಿಎಸ್ ಕೋಡ್ ಅನ್ನೋ ಎಡಿಟರ್ ಬಳಸೋರಾದ್ರೆ ಗೊತ್ತಿಲ್ಲದೇನೇ ಇದನ್ನ ಬಳಸಿದೀರ, ಅದರಲ್ಲಿ ಎಲ್ಲಾ ಫೈಲಲ್ಲೂ ಹುಡುಕೋ ಕೆಲಸ ಒಳಗಡೆ ಮಾಡ್ತಿರೋದು ಇದೇ. ಹೆಸರು ಉದ್ದ ಇದ್ರೂ ಟೈಪ್ ಮಾಡೋದು ಆರ್ ಜಿ ಅಂತ ಎರಡೇ ಅಕ್ಷರ. ಇದು ಸಣ್ಣ ವಿಷಯ ಅನ್ನಿಸಬಹುದು, ದಿನಕ್ಕೆ ನೂರು ಸಲ ಹೊಡೆಯೋ ಕಮ್ಯಾಂಡಿಗೆ ಸಣ್ಣದಲ್ಲ. ಉಬುಂಟು ಥರದ ಲಿನಕ್ಸಲ್ಲಿ ಪ್ರೋಗ್ರಾಮ್ ಹಾಕೋ, ತೆಗೆಯೋ ಕಮ್ಯಾಂಡ್ ಆಪ್ಟ್, ಇನ್‌ಸ್ಟಾಲ್ ಮಾಡುವಾಗ ಮಾತ್ರ ಅದರಲ್ಲಿ ಆಪ್ಟ್ ಇನ್‌ಸ್ಟಾಲ್ ರಿಪ್‌ಗ್ರೆಪ್ ಅಂತ ಪೂರ್ತಿ ಹೆಸರು ಕೊಡಿ. (ಇದರ ಜೊತೆಯವ್ರ ಗತಿ ಇಷ್ಟು ಚೆನ್ನಾಗಿಲ್ಲ, ಫೈಲ್ ಹೆಸರು ಹುಡುಕೋ ಎಫ್‌ಡಿ ಅನ್ನೋ ಟೂಲಿಗೆ ಡೆಬಿಯನ್, ಉಬುಂಟುಲಿ ಆ ಹೆಸರು ಆಗ್ಲೇ ಬೇರೆಯವ್ರ ಹತ್ರ ಇತ್ತು ಅಂತ ಎಫ್‌ಡಿಫೈಂಡ್ ಅಂತ ಟೈಪ್ ಮಾಡ್ಬೇಕು, ಫೈಲನ್ನ ಬಣ್ಣ ಹಾಕಿ ತೋರಿಸೋ ಬ್ಯಾಟ್ ಹೋಗಿ ಬ್ಯಾಟ್‌ಕ್ಯಾಟ್ ಆಗಿದೆ. ಎರಡಕ್ಷರದ ಸೈಟು ಬೇಗ ಬುಕ್ ಆಗುತ್ತೆ.)

ವೇಗದ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ರೂ ಅದನ್ನೇ ಬರೀತಾರೆ. ಫಾಸ್ಟ್ ಇದೆ. ಮುಗೀತು.

ನನಗೆ ಹಿಡಿಸಿದ್ದು ಬೇರೆ. ಆರ್‌ಜಿ ಅಂತ ಹೇಳಿ ಪದ ಕೊಟ್ರೆ ಸಾಕು, ಎಲ್ಲಿದೀನೋ ಆ ಫೋಲ್ಡರು, ಅದರೊಳಗಿನ ಫೋಲ್ಡರು ಎಲ್ಲಾ ತಾನೇ ಹುಡುಕುತ್ತೆ. ಉತ್ತರ ಕೊಡೋದೂ ಯಾರ ಮುಂದೆ ಅನ್ನೋದು ನೋಡ್ಕೊಂಡೇ. ಟರ್ಮಿನಲ್‌ನಲ್ಲಿ ಮನುಷ್ಯ ಕೂತಿದಾನೆ ಅಂದ್ರೆ ಫೈಲ್ ಹೆಸರು ಮೇಲೆ ಒಂದು ಸಲ, ಕೆಳಗೆ ಸಾಲುಗಳು, ಸಾಲಿನ ನಂಬರು, ಸಿಕ್ಕ ಪದಕ್ಕೆ ಬಣ್ಣ. ಅದೇ ಕಮ್ಯಾಂಡನ್ನ ಪೈಪ್ ಹಾಕಿ ಇನ್ನೊಂದು ಪ್ರೋಗ್ರಾಮಿಗೆ ಕಳಿಸಿ ಅಥವಾ ಫೈಲಿಗೆ ಬರೆಸಿ, ಬಣ್ಣ ಹೋಯ್ತು, ಅಲಂಕಾರ ಹೋಯ್ತು, ಸಾಲಿಗೊಂದರಂತೆ ಫೈಲ್ ಹೆಸರು, ಕೋಲನ್, ಸಾಲು, ಅಷ್ಟೇ. ದರ್ಶಿನಿಲಿ ಅದೇ ಇಡ್ಲಿನ ತಟ್ಟೇಲಿ ಕೊಟ್ರೆ ಸಾಂಬಾರ್ ಮೇಲೆ ಸುರೀತಾರೆ, ಪಾರ್ಸೆಲ್ ಅಂದ್ರೆ ಬೇರೆ ಕಟ್ತಾರಲ್ಲ, ಹಂಗೆ. ಎಷ್ಟೋ ಟೂಲುಗಳು ಪಾರ್ಸೆಲ್ಲಿಗೂ ಸಾಂಬಾರ್ ಸುರಿದೇ ಕೊಡ್ತವೆ, ಲಾಗ್ ಫೈಲ್ ತೆಗೆದ್ರೆ ಅದರ ತುಂಬಾ ಬಣ್ಣದ ಕೋಡುಗಳ ಕಸ.

ಸಿಗದೇ ಇದ್ದಾಗ ಏನು ಮಾಡುತ್ತೆ ಅನ್ನೋದು ಇನ್ನೂ ಮುಖ್ಯ. ಒಂದು ರಾತ್ರಿ ಎಲ್ಲಾ ಫೈಲನ್ನೂ ಡಾಟ್‌ನಿಂದ ಶುರುವಾಗೋ ಹೆಸರಿನ ಫೋಲ್ಡರಿಗೆ ಹಾಕಿದ್ದೆ, ಅಂದ್ರೆ ಲಿನಕ್ಸ್ ಲೆಕ್ಕದಲ್ಲಿ ಬಚ್ಚಿಟ್ಟ ಫೋಲ್ಡರ್. ಹುಡುಕಿದ್ರೆ ಏನೂ ಇಲ್ಲ, ಆದ್ರೆ ಕೆಳಗೆ ಒಂದು ಸಾಲು ಬಂತು, ಒಂದೂ ಫೈಲ್ ಹುಡುಕಿಲ್ಲ, ನೀವು ಅಂದ್ಕೊಳ್ಳದ ಯಾವುದೋ ಫಿಲ್ಟರ್ ಕೆಲಸ ಮಾಡಿರಬಹುದು, ಡ್ಯಾಶ್ ಡ್ಯಾಶ್ ಡೀಬಗ್ ಹಾಕಿ ನೋಡಿ, ಯಾಕೆ ಬಿಟ್ಟೆ ಅಂತ ಹೇಳ್ತೀನಿ ಅಂತ. ಹುಡುಕಿದೆ ಸಿಗಲಿಲ್ಲ ಅನ್ನೋದಕ್ಕೂ, ಹುಡುಕೋಕೆ ಹೋಗಲೇ ಇಲ್ಲ ಅನ್ನೋದಕ್ಕೂ ಇರೋ ವ್ಯತ್ಯಾಸ ಗೊತ್ತಿರೋ ಟೂಲ್ ಇದು. ನಮ್ಮನೇಲಿ ಫ್ರಿಜ್ ಮೇಲೆ ಕೀ ಇದ್ಯಾ ನೋಡು ಅಂದ್ರೆ ಸೋಫಾದಿಂದ ಏಳದೇ ಇಲ್ಲ ಅನ್ನೋರಿದಾರೆ, ಅವರಿಗಿಂತ ವಾಸಿ.

ತಪ್ಪು ಮಾಡಿದ್ರೂ ಹಂಗೇ. ಎರಡು ಸಾಲಿಗೆ ಹರಡಿರೋದನ್ನ ಹುಡುಕೋಣ ಅಂತ ಪ್ಯಾಟರ್ನ್‌ನಲ್ಲಿ, ಅಂದ್ರೆ ಹುಡುಕೋಕೆ ಕೊಡೋ ಮಾದರೀಲಿ, ಹೊಸ ಸಾಲಿನ ಗುರುತಾದ ಬ್ಯಾಕ್‌ಸ್ಲಾಶ್ ಎನ್ ಹಾಕಿದ್ರೆ, ಇದು ಹಂಗೆಲ್ಲ ನಡೆಯಲ್ಲ, ಮಲ್ಟಿಲೈನ್ ಬೇಕಿದ್ರೆ ಡ್ಯಾಶ್ ದೊಡ್ಡ ಯು ಹಾಕಿ ಅನ್ನುತ್ತೆ. ಹಿಂದೆ ಮುಂದೆ ಇಂಥ ಪದ ಇದ್ರೆ ಮಾತ್ರ ತೋರಿಸು ಅನ್ನೋ ಲುಕ್‌ಅರೌಂಡ್ ಹಾಕಿದ್ರೆ, ನನ್ನ ಇಂಜಿನ್‌ಗೆ ಅದು ಬರಲ್ಲ, ಪಿಸಿಆರ್‌ಇ2 ಅನ್ನೋ ಇನ್ನೊಂದು ಇಂಜಿನ್ನಿನ ಫ್ಲ್ಯಾಗ್ (ಕಮ್ಯಾಂಡ್ ಜೊತೆ ಡ್ಯಾಶ್ ಹಾಕಿ ಕೊಡೋ ಸೂಚನೆ) ಹಾಕಿ ನೋಡಿ ಅನ್ನುತ್ತೆ. ಅಂದ್ರೆ ಇಲ್ಲ ಅಂತ ಬಾಗಿಲು ಹಾಕ್ಕೊಳ್ಳದೇ, ಈ ಕೌಂಟರಲ್ಲಿ ಆಗಲ್ಲ ಮೂರನೇ ಕೌಂಟರಿಗೆ ಹೋಗಿ ಅಂತ ಹೇಳೋ ಗುಮಾಸ್ತ. ಸರ್ಕಾರಿ ಆಫೀಸಿಗೆ ಹೋಗಿ ಬಂದಿರೋರಿಗೆ ಅಂಥವರ ಬೆಲೆ ಗೊತ್ತು. ಹೆಲ್ಪ್ ಕೂಡ ಎರಡು ಥರ, ಡ್ಯಾಶ್ ಎಚ್ ಅಂದ್ರೆ ಫ್ಲ್ಯಾಗಿಗೊಂದು ಸಾಲು, ಡ್ಯಾಶ್ ಡ್ಯಾಶ್ ಹೆಲ್ಪ್ ಅಂದ್ರೆ ಪುರಾಣ ಪೂರ್ತಿ. ನನಗೆ ದಿನಕ್ಕೆ ಮೊದಲನೇದು ಸಾಕು, ಎರಡನೇದನ್ನ ಒಂದು ಭಾನುವಾರ ಕೂತು ಓದಿದೆ.

ಈಗ ಕನ್ನಡಕ್ಕೆ ಬರ್ತೀನಿ, ಯಾರೂ ಬರೆಯಲ್ಲ ಇದನ್ನ.

ಯೂನಿಕೋಡ್ ವಿಷಯದಲ್ಲಿ ಇದು ಗಟ್ಟಿ. ಬ್ಯಾಕ್‌ಸ್ಲಾಶ್ ಡಿ ಅಂದ್ರೆ ಅಂಕಿ, ಆ ಅಂಕಿ 0 ಇಂದ 9 ಮಾತ್ರ ಅಂತ ಅಂದ್ಕೊಂಡಿದ್ದೆ, ನೋಡಿದ್ರೆ ಕನ್ನಡ ಅಂಕಿ ೧೯೪೭ನ್ನೂ ಹಿಡಿದು ತಂದು ಮುಂದೆ ಇಟ್ಟಿತು, ಒಂದೇ ಪುಸ್ತಕದಲ್ಲಿ ಎರಡು ಥರ ಅಂಕಿ ಬೆರೆಸಿರೋದು ಒಂದೇ ಏಟಿಗೆ ಸಿಕ್ತು. ಬ್ಯಾಕ್‌ಸ್ಲಾಶ್ ಪಿ ಹಾಕಿ ಬ್ರಾಕೆಟ್ಟಲ್ಲಿ ಕನ್ನಡ ಅಂತ ಇಂಗ್ಲಿಷಲ್ಲಿ ಬರೆದ್ರೆ ಕನ್ನಡ ಲಿಪಿ ಇರೋ ಸಾಲು ಮಾತ್ರ ತೋರಿಸುತ್ತೆ. ಹಳೇ ವಿಂಡೋಸ್ ನೋಟ್‌ಪ್ಯಾಡಲ್ಲಿ ಯೂನಿಕೋಡ್ ಅಂತ ಆರಿಸಿ ಸೇವ್ ಮಾಡಿದ ಫೈಲುಗಳಿದಾವಲ್ಲ, ಅವು ಯುಟಿಎಫ್-16 ಅನ್ನೋ ಬೇರೆ ಎನ್‌ಕೋಡಿಂಗು (ಅಕ್ಷರಗಳನ್ನ ಫೈಲಲ್ಲಿ ಬರೆದಿಡೋ ಕ್ರಮ), ಗ್ರೆಪ್‌ಗೆ ಅದರಲ್ಲಿರೋ ಕನ್ನಡ ಕಾಣ್ಸೋದೇ ಇಲ್ಲ, ಆರ್‌ಜಿ ಫೈಲಿನ ತಲೇಲಿರೋ ಗುರುತು ನೋಡಿ ತಾನೇ ಪರಿವರ್ತಿಸಿಕೊಂಡು ಹುಡುಕುತ್ತೆ. ನಾನು ಏನೂ ಹೇಳ್ಬೇಕಿಲ್ಲ. ಇದು ಗೊತ್ತಾಗೋ ಮುಂಚೆ ಎಷ್ಟು ಅಧ್ಯಾಯ ಸ್ವಚ್ಛ ಇದೆ ಅಂತ ಬಿಟ್ಟಿದೀನೋ, ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ. ಹಳೇ ನುಡಿ ಫಾಂಟಿನ ಆಸ್ಕಿ ಫೈಲುಗಳಿಗೆ ಮಾತ್ರ ಯಾರೂ ಏನೂ ಮಾಡೋಕಾಗಲ್ಲ, ಅಲ್ಲಿ ಕಣ್ಣಿಗೆ ಕ ಕಂಡ್ರೂ ಒಳಗಿರೋದು ಇಂಗ್ಲಿಷ್ ಪಿ ಮತ್ತು ತಲೆ ಮೇಲೆ ಗೀಟು ಹಾಕಿರೋ ಎ, ಮೊದಲು ಕನ್ವರ್ಟ್ ಮಾಡ್ಕೊಂಡೇ ಬರ್ಬೇಕು.

ಡ್ಯಾಶ್ ಡಬ್ಲ್ಯೂ ಅಂದ್ರೆ ಪೂರ್ತಿ ಪದ ಮಾತ್ರ. ಬರೀ ಕನ್ನಡ ಅಂತ ಹುಡುಕಿದ್ರೆ ಕನ್ನಡಿ, ಕನ್ನಡಕ ಎಲ್ಲಾ ಬಂದು ಸಾಲಾಗಿ ನಿಲ್ತವೆ, ಡಬ್ಲ್ಯೂ ಹಾಕಿದ್ರೆ ಹೋಗ್ತವೆ, ಗುಡಿಸು ಒತ್ತು ಎಲ್ಲಾ ಪದದ ಭಾಗ ಅಂತ ಅದಕ್ಕೆ ಗೊತ್ತಿದೆ. ಆದ್ರೆ ಕನ್ನಡದ, ಕನ್ನಡಕ್ಕೆ, ಕನ್ನಡದಲ್ಲಿ ಕೂಡ ಹೋಗಿಬಿಡ್ತವಲ್ಲ! ನಮ್ಮ ವಿಭಕ್ತಿ ಪದಕ್ಕೆ ಅಂಟ್ಕೊಂಡೇ ಹುಟ್ಟೋದು, ಇಂಗ್ಲಿಷ್ ತಲೇಲಿಟ್ಟು ಮಾಡಿದ ಫ್ಲ್ಯಾಗ್ ನಮಗೆ ಅರ್ಧ ಸಹಾಯ. ದೂರಲ್ಲ ಇದು, ಹಣೆಬರಹ. ಅದಕ್ಕೆ ಬದಲಾಗಿ ದೊಡ್ಡಕ್ಷರ ಚಿಕ್ಕಕ್ಷರದ ಗೋಳು ನಮಗಿಲ್ಲ, ಡ್ಯಾಶ್ ಐ ಫ್ಲ್ಯಾಗನ್ನ ಆ ಕೆಲಸಕ್ಕೆ ನಾನು ಮುಟ್ಟೇ ಇಲ್ಲ.

ನಿಜವಾದ ತಲೆನೋವು ಕಣ್ಣಿಗೆ ಕಾಣದ ಅಕ್ಷರ. ರಾಜ್‌ಕುಮಾರ್ ಅಂತ ಬರೆಯುವಾಗ ಜ ಮತ್ತು ಕ ಒತ್ತಾಗದೇ ಇರ್ಲಿ ಅಂತ ಮಧ್ಯೆ ಒಂದು ಕಾಣದ ಅಕ್ಷರ ಹಾಕ್ತೀವಲ್ಲ, ಅದು ಹಾಕಿರೋದು ಒಂದು ಪದ, ಹಾಕದೇ ಇರೋದು ಇನ್ನೊಂದು ಪದ. ಕೊ ಅನ್ನೋದನ್ನೂ ಒಂದೇ ಸ್ವರಚಿಹ್ನೆಯಾಗಿ ಹೊಡೀಬಹುದು, ಎರಡು ತುಂಡಾಗಿಯೂ ಹೊಡೀಬಹುದು, ಪರದೆ ಮೇಲೆ ಅವಳಿ ಜವಳಿ, ಒಳಗೆ ಬೇರೆ ಬೇರೆ. ಆರ್‌ಜಿ ಇವನ್ನ ಒಂದು ಮಾಡಿ ನೋಡಲ್ಲ, ಕೊಟ್ಟಿದ್ದನ್ನ ಕೊಟ್ಟ ಹಂಗೇ ಹುಡುಕುತ್ತೆ. ಅದಕ್ಕೆ ಕಾಣದ ಅಕ್ಷರದ ಕೋಡನ್ನ, 200ಸಿ, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ ಪ್ಯಾಟರ್ನ್‌ನಲ್ಲಿ ಸೇರಿಸ್ಕೊಂಡಿದೀನಿ, ಇದ್ರೂ ಸರಿ ಇಲ್ದಿದ್ರೂ ಸರಿ ಅಂತ. ಇನ್ನು ಟರ್ಮಿನಲ್‌ನಲ್ಲಿ ಒತ್ತಕ್ಷರ ಚೂರು ಚೂರಾಗಿ ಕಾಣೋದು, ಕನ್ನಡಿಲಿ ಕನ್ನಡ ಮಾತ್ರ ಬಣ್ಣ ಬಂದು ಗುಡಿಸು ಅನಾಥವಾಗಿ ಪಕ್ಕದಲ್ಲಿ ನಿಂತಿರೋದು, ಇದೆಲ್ಲ ಟರ್ಮಿನಲ್‌ನವರ ಪಾಪ, ಅಕ್ಷರಕ್ಕೊಂದು ಚೌಕ ಅಂತ ಲೆಕ್ಕ ಹಾಕೋರಿಗೆ ಕ್ಷ್ಮ್ಯ ಎಲ್ಲಿ ಕೂರಿಸ್ಲಿ ಅನ್ನೋದೇ ಗೊತ್ತಾಗಲ್ಲ. ನಾನು ಔಟ್‌ಪುಟ್‌ನ ಫೈಲಿಗೆ ಬರೆಸಿ ಎಡಿಟರ್‌ನಲ್ಲಿ ಓದ್ತೀನಿ.

ಈಗ ಜಗಳಗಳು.

ಒಂದು, ಡ್ಯಾಶ್ ಆರ್. ಗ್ರೆಪ್‌ನಲ್ಲಿ ಡ್ಯಾಶ್ ಆರ್ ಅಂದ್ರೆ ಒಳಗಿನ ಫೋಲ್ಡರೆಲ್ಲ ಹುಡುಕು, ಇಪ್ಪತ್ತು ವರ್ಷದ ಕೈ ಅಭ್ಯಾಸ. ಇಲ್ಲಿ ಡ್ಯಾಶ್ ಆರ್ ಅಂದ್ರೆ ಬದಲಾಯಿಸು. ಹಳೇ ಅಭ್ಯಾಸದಲ್ಲಿ ಆರ್‌ಜಿ ಡ್ಯಾಶ್ ಆರ್ ಪದ ಅಂತ ಹೊಡೆದ್ರೆ ನಿಮ್ಮ ಪದ ಹುಡುಕೋ ಪದವಾಗದೇ ಬದಲಿ ಪದ ಆಗುತ್ತೆ. ಪುಣ್ಯಕ್ಕೆ ಇದು ಪರದೆ ಮೇಲೆ ಮಾತ್ರ ಬದಲಾಯಿಸಿ ತೋರಿಸುತ್ತೆ, ಫೈಲನ್ನ ಮುಟ್ಟಲ್ಲ, ಯಾವತ್ತೂ ಮುಟ್ಟಲ್ಲ. ಡ್ಯಾಶ್ ದೊಡ್ಡ ಇ ಕೂಡ ಅದೇ ಕಥೆ, ಅಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ, ಅಂದ್ರೆ ಪ್ಯಾಟರ್ನ್ ಬರೆಯೋ ಭಾಷೆಯ ಬಗೆ, ಇಲ್ಲಿ ಎನ್‌ಕೋಡಿಂಗು. ಹೆಸರಲ್ಲಿ ಗ್ರೆಪ್ ಅಂತ ಇಟ್ಕೊಂಡ ಮೇಲೆ ಗ್ರೆಪ್‌ನಿಂದ ಬಂದೋರ ಬೆರಳನ್ನ ನೆನಪಿಟ್ಕೋಬೇಕಿತ್ತು. ಹಾಗಂತ ಈಗ ಬದಲಾಯಿಸೋಕೂ ಆಗಲ್ಲ, ಎಷ್ಟು ಜನ ಕಮ್ಯಾಂಡುಗಳನ್ನ ಬರೆದಿಟ್ಟ ಸ್ಕ್ರಿಪ್ಟ್ ಒಡೆಯುತ್ತೋ. 2022ರಲ್ಲಿ ಗ್ನೂ ಗ್ರೆಪ್‌ನವರು ಇಗ್ರೆಪ್, ಎಫ್‌ಗ್ರೆಪ್ ಅನ್ನೋ ಗ್ರೆಪ್‌ನದೇ ರೂಪಗಳು ಹಳೇದಾಯ್ತು ಅಂತ ಒಂದು ಸಾಲಿನ ಎಚ್ಚರಿಕೆ ಸೇರಿಸಿದ್ದಕ್ಕೇ ಎಲ್ಲೆಲ್ಲಿಂದಲೋ ಕಿರಿಕಿರಿ ಶುರುವಾಗಿತ್ತು. ಕಮ್ಯಾಂಡ್ ಅಂದ್ರೆ ಕೊಟ್ಟ ಮಾತು. ಆಪ್ಟ್ ಇದನ್ನ ಬೇರೆ ಥರ ನಿಭಾಯಿಸಿತು, 2014ರಲ್ಲಿ ಮನುಷ್ಯರಿಗೆ ಅಂತ ಆಪ್ಟ್ ಅನ್ನೋ ಹೊಸ ಕಮ್ಯಾಂಡ್ ತಂದು, ಸ್ಕ್ರಿಪ್ಟುಗಳಿಗೆ ಹಳೇ ಆಪ್ಟ್-ಗೆಟ್ ಹಂಗೇ ಬಿಟ್ರು, ಸ್ಕ್ರಿಪ್ಟಲ್ಲಿ ಆಪ್ಟ್ ಬಳಸಿದ್ರೆ ನನ್ನ ನಂಬಬೇಡಿ, ನಾನು ಬದಲಾಗ್ತೀನಿ ಅಂತ ಅದೇ ಎಚ್ಚರಿಸುತ್ತೆ. ಪ್ರಾಮಾಣಿಕತೆ ಅಂದ್ರೆ ಇದು.

ಎರಡು, ಬುದ್ಧಿವಂತಿಕೆ ಜಾಸ್ತಿ ಆಗೋದು. ಆರ್‌ಜಿ ತಾನಾಗೇ ಬಚ್ಚಿಟ್ಟ ಫೈಲು, ಬೈನರಿ ಫೈಲು (ಚಿತ್ರದಂಥ, ಪಠ್ಯ ಅಲ್ಲದ್ದು), ಫೈಲಿನ ಹಳೇ ಹೊಸ ಆವೃತ್ತಿ ಕಾಪಾಡೋ ಗಿಟ್ ಅನ್ನೋ ಟೂಲಿನ ಇಗ್ನೋರ್ ಫೈಲಲ್ಲಿ ಬರ್ದಿರೋದೆಲ್ಲ ಬಿಟ್ಟುಬಿಡುತ್ತೆ. ಕೋಡ್ ಬರೆಯೋರಿಗೆ ವರ. ನಾನು ಒಂದು ಪುಸ್ತಕದ ಅನುಬಂಧದ ಫೋಲ್ಡರನ್ನ ಯಾವತ್ತೋ ಇಗ್ನೋರ್ ಪಟ್ಟಿಗೆ ಹಾಕಿದ್ದೆ, ಮರ್ತಿದ್ದೆ. ಎರಡು ದಿನ ಆ ಹೆಸರು ಅನುಬಂಧದಲ್ಲಿ ಇಲ್ವೇ ಇಲ್ಲ ಅಂತ ವಾದ ಮಾಡಿದೀನಿ, ಮುದ್ರಿತ ಪುಸ್ತಕ ಕೈಯಲ್ಲಿ ಹಿಡ್ಕೊಂಡಿರೋರ ಹತ್ರ. ತಪ್ಪು ನಂದೇ, ಒಪ್ಕೋತೀನಿ. ಆದ್ರೆ ಬೇರೆ ಫೈಲುಗಳನ್ನ ಹುಡುಕಿದ್ದರಿಂದ ಮೇಲೆ ಹೇಳಿದ ಎಚ್ಚರಿಕೆಯ ಸಾಲು ಬರಲಿಲ್ಲ, ಒಂದೂ ಫೈಲ್ ಹುಡುಕದೇ ಇದ್ರೆ ಮಾತ್ರ ಅದು ಬರೋದು. ಏನೂ ಸಿಗದಾಗ, ಇಷ್ಟು ಫೋಲ್ಡರ್ ಬಿಟ್ಟಿದೀನಿ ಅಂತ ಒಂದು ಮಾತು ಹೇಳಿದ್ರೆ ನನ್ನ ಮರ್ಯಾದೆ ಉಳೀತಿತ್ತು. ಇನ್ನೂ ಮಜಾ, ಅದೇ ಫೋಲ್ಡರನ್ನ ಗಿಟ್ ತನ್ನ ಲೆಕ್ಕ ಇಡೋ ಡಾಟ್ ಗಿಟ್ ಫೋಲ್ಡರ್ ಇಲ್ಲದೇ ಪೆನ್‌ಡ್ರೈವಿಗೆ ಹಾಕ್ಕೊಂಡು ಹುಡುಕಿದ್ರೆ ಎಲ್ಲಾ ಸಿಗುತ್ತೆ, ಯಾಕಂದ್ರೆ ಗಿಟ್ ರೆಪೊ ಅಲ್ದಿದ್ರೆ ಆ ಇಗ್ನೋರ್ ಪಟ್ಟಿಯನ್ನ ಅದು ಲೆಕ್ಕಕ್ಕೆ ತಗೊಳ್ಳಲ್ಲ. ದೆವ್ವ ಹಿಡಿದಿದೆ ಅಂದ್ಕೊಂಡೆ. ಪರಿಹಾರ ಮಾತ್ರ ಚೆನ್ನಾಗಿದೆ, ಡ್ಯಾಶ್ ಯು ಅಂದ್ರೆ ಇಗ್ನೋರ್ ಪಟ್ಟಿ ನೋಡಬೇಡ, ಯು ಯು ಅಂದ್ರೆ ಬಚ್ಚಿಟ್ಟಿದ್ದೂ ತೆಗಿ, ಯು ಯು ಯು ಅಂದ್ರೆ ಬೈನರಿನೂ ಬಿಡಬೇಡ. ಕೋಪ ಹೆಚ್ಚಾದಷ್ಟೂ ಯು ಹೆಚ್ಚು, ನೆನಪಿಡೋಕೆ ಇದಕ್ಕಿಂತ ಸುಲಭ ಬೇಕಾ.

ಮೂರನೇದು ಸಣ್ಣದು, ಒಂದೇ ಹುಡುಕಾಟ ಎರಡು ಸಲ ಮಾಡಿದ್ರೆ ಫೈಲುಗಳ ಕ್ರಮ ಬೇರೆ ಬೇರೆ ಬರಬಹುದು, ಹಲವು ಥ್ರೆಡ್ ಒಟ್ಟಿಗೆ ಓಡ್ತವೆ ಅಂತ. ಸಾರ್ಟ್ ಪಾತ್ ಹಾಕಿದ್ರೆ ಸರಿಹೋಗುತ್ತೆ, ವೇಗ ಇಳಿಯುತ್ತೆ. ಅಧ್ಯಾಯ ಕ್ರಮವಾಗಿ ಬೇಕಿರೋ ನನಗೆ ವೇಗ ಇಳಿದ್ರೂ ಪರವಾಗಿಲ್ಲ.

ಇಷ್ಟೆಲ್ಲ ಹೇಳಿ ಇದನ್ನ ಯಾವುದರ ಜೊತೆ ಹೋಲಿಸ್ತಿದೀನಿ ಅಂತ ಹೇಳದಿದ್ರೆ ಅನ್ಯಾಯ. ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಳಗೇ ಬರೆದ ಒಂದು ಟೂಲ್ ಇತ್ತು. ಅದರಲ್ಲಿ ಒಂದು ಸಬ್‌ಕಮ್ಯಾಂಡಿಗೆ ಡ್ಯಾಶ್ ಎಫ್ ಅಂದ್ರೆ ಫೈಲು, ಇನ್ನೊಂದಕ್ಕೆ ಡ್ಯಾಶ್ ಎಫ್ ಅಂದ್ರೆ ಫೋರ್ಸು. ಊಹಿಸಿದ್ರಾ? ಹೌದು. ಫೈಲ್ ಹೆಸರು ಕೊಟ್ಟೆ ಅಂದ್ಕೊಂಡು ಹೊಡೆದೆ, ಟೆಸ್ಟ್ ಸರ್ವರಿನ ಮೂರು ವಾರದ ಡೇಟಾ ಹೋಯ್ತು, ಪರದೆ ಮೇಲೆ ಹಸಿರು ಬಣ್ಣದಲ್ಲಿ ಡನ್ ಅಂತ ಬಂತು. ಆಮೇಲೆ ಅವರು ಏನು ಮಾಡಿದ್ರು, ಪ್ರತಿಯೊಂದಕ್ಕೂ ಖಾತ್ರಿನಾ ಅಂತ ಕೇಳೋದು ಸೇರಿಸಿದ್ರು. ವಾರದೊಳಗೆ ಎಲ್ರ ಬೆರಳೂ ಓದದೇ ವೈ ಒತ್ತೋಕೆ ಕಲೀತು. 2021ರಲ್ಲಿ ಒಬ್ಬ ದೊಡ್ಡ ಯೂಟ್ಯೂಬರ್ ಲಿನಕ್ಸಲ್ಲಿ ಸ್ಟೀಮ್ ಅನ್ನೋ ಗೇಮ್ ಆಪ್ ಹಾಕೋಕೆ ಹೋಗಿ, ಆಪ್ಟ್ ದೊಡ್ಡದಾಗಿ ಎಚ್ಚರಿಕೆ ಕೊಟ್ಟು ಹೌದು, ನಾನು ಹೇಳಿದಂತೆ ಮಾಡು ಅಂತ ಪೂರ್ತಿ ವಾಕ್ಯ ಟೈಪ್ ಮಾಡಿಸಿದ್ರೂ, ಟೈಪ್ ಮಾಡಿ ಇಡೀ ಡೆಸ್ಕ್‌ಟಾಪ್ ಕಿತ್ತುಹಾಕ್ಕೊಂಡಿದ್ದು ನೆನಪಿರಬಹುದು. ಅದಾದ ಮೇಲೆ ಆಪ್ಟ್‌ನವರು ಪ್ರಶ್ನೆ ಕೇಳೋದೇ ಬಿಟ್ಟು, ಅಗತ್ಯದ ಪ್ಯಾಕೇಜ್ ಹೋಗುತ್ತೆ ಅಂದ್ರೆ ಎರರ್ ಕೊಟ್ಟು ನಿಂತುಬಿಡೋ ಹಂಗೆ ಮಾಡಿದ್ರು, ಬೇಕೇ ಬೇಕು ಅನ್ನೋರು ಪ್ರತ್ಯೇಕ ಫ್ಲ್ಯಾಗ್ ಹಾಕ್ಬೇಕು. ಅಲ್ಲಿ ಮನುಷ್ಯನನ್ನ ಬೈಯದೇ ಕಮ್ಯಾಂಡನ್ನ ತಿದ್ದಿದ್ರು, ಅದು ಸರಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತಿದೀನಿ. ಐದನೇದು ಡ್ಯಾಶ್ ಆರ್‌ನಿಂದ ಹೋಗಿದ್ದಲ್ಲ, ಪ್ರಕಾಶನದ ಮೇಡಂ ಕಿತ್ಕೊಂಡಿದ್ದು. ಅರವತ್ತು ದಾಟಿದೆ ಅವರಿಗೆ, ಮೂವತ್ತು ವರ್ಷ ಪ್ರೂಫ್ ನೋಡಿದೋರು. ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ, ಆರ್‌ಜಿ ಹಾಕಿ, ಒಂದು ಕಾಗದದ ಮೇಲೆ ಮೂರು ಕಮ್ಯಾಂಡ್ ಬರ್ದು ಕೊಟ್ಟಿದ್ದೆ. ಪುಸ್ತಕದಲ್ಲಿ ಬ್ರಾಕೆಟ್ಟಿನೊಳಗೆ ನೋಡಿ ಅಂತ ಎಲ್ಲೆಲ್ಲಿ ಬರುತ್ತೆ ಅಂತ ಹುಡುಕೋಕೆ, ಕೋಟ್‌ನೊಳಗೆ ತೆರೆದ ಬ್ರಾಕೆಟ್ ಹಾಕಿ ನೋಡಿ ಅಂತ ಹೊಡೆದಿದಾರೆ. ಪ್ಯಾಟರ್ನ್‌ನಲ್ಲಿ ಬ್ರಾಕೆಟ್ ಅಂದ್ರೆ ಗುಂಪು, ತೆರೆದ್ರೆ ಮುಚ್ಚಲೇಬೇಕು, ಬ್ರಾಕೆಟ್ ಮುಚ್ಚಿಲ್ಲ ಅಂತ ಎರರ್ ಬಂದಿದೆ. ಫೋನ್ ಬಂತು.

"ಮುಚ್ಚಿಲ್ಲ ಅಂತ ಬೈತಿದೆ ಕಣಪ್ಪ, ಅದು ಸರಿ. ಆದ್ರೆ ನಾನು ಹಾಕಿದ್ದು ಒಂದು ಬ್ರಾಕೆಟ್ಟು, ಇದು ಮುಂದೆ ಇನ್ನೊಂದು ಬ್ರಾಕೆಟ್ಟು, ಪ್ರಶ್ನೆ ಚಿಹ್ನೆ, ಕೋಲನ್ನು ಎಲ್ಲ ಸೇರಿಸಿ, ಬಾಣದ ಗುರುತನ್ನ ಅದರ ಕೆಳಗೇ ಹಾಕಿದೆ. ನಾನು ಎಲ್ಲಿ ಹಾಕಿದ್ನಪ್ಪ ಅದನ್ನ?"

ಹೋಗಿ ನೋಡಿದೆ, ನಿಜ. ಆರ್‌ಜಿ ನಾವು ಕೊಟ್ಟ ಪ್ಯಾಟರ್ನನ್ನ ಒಳಗಡೆ ತನ್ನದೊಂದು ಬ್ರಾಕೆಟ್ಟಲ್ಲಿ ಸುತ್ತಿಕೊಳ್ಳುತ್ತೆ, ಎರರ್ ತೋರಿಸುವಾಗ ಸುತ್ತಿದ್ದನ್ನೇ ತೋರಿಸುತ್ತೆ. ಅವರು ಮುಚ್ಚದ ಬ್ರಾಕೆಟ್ಟನ್ನ ಆರ್‌ಜಿಯ ಮುಚ್ಚೋ ಬ್ರಾಕೆಟ್ ಬಂದು ಮುಚ್ಚಿಬಿಡ್ತು, ಆರ್‌ಜಿಯದ್ದೇ ತೆರೆದು ಉಳೀತು, ಬಾಣ ಅದರ ಕಡೆ. ನಾನು ವರ್ಷಗಟ್ಟಲೆ ಇದನ್ನ ನೋಡಿದೀನಿ, ಒಂದು ಸಲಾನೂ ಕಣ್ಣಿಗೆ ಬಿದ್ದಿರ್ಲಿಲ್ಲ. ಒಳಗಡೆ ಏನೋ ಮಾಡ್ಕೊಳ್ಳುತ್ತೆ ಮೇಡಂ ಅದು, ಡ್ಯಾಶ್ ದೊಡ್ಡ ಎಫ್ ಹಾಕಿ, ಕೊಟ್ಟಿದ್ದನ್ನ ಹಂಗೇ ಹುಡುಕುತ್ತೆ ಅಂತ ಹೇಳ್ಕೊಟ್ಟೆ, ಕಾಗದದ ಮೇಲೆ ನಾಲ್ಕನೇ ಕಮ್ಯಾಂಡ್ ಆಯ್ತು.

ಬರ್ಕೊಂಡ್ರು. ಬರ್ಕೊಂಡು, ಕನ್ನಡಕ ಸರಿಮಾಡ್ಕೊಂಡು, "ಲೇಖಕರು ಬರೆಯದೇ ಇರೋದನ್ನ ನಾನೇ ಪ್ರೂಫಲ್ಲಿ ಸೇರಿಸಿ, ಆಮೇಲೆ ಅದರ ಕೆಳಗೇ ಕೆಂಪು ಗೀಟು ಹಾಕಿದ್ದಿದ್ರೆ ಮುವತ್ತು ವರ್ಷ ಇಟ್ಕೋತಿದ್ರಾ ನನ್ನ?" ಅಂದ್ರು.